ಮುಂಬೈನಿಂದ ಲಂಡನ್, ನ್ಯೂಯಾರ್ಕ್‌ಗೆ ಬಿಸಿನೆಸ್ ಕ್ಲಾಸ್: ದುಪ್ಪಟ್ಟು, ಮುಪ್ಪಟ್ಟು ದುಡ್ಡು ಕೊಟ್ಟರೆ ನಿಜಕ್ಕೂ ಸಿಗುವುದೇನು?

ಮುಂಬೈ: ಮಗಳು ನ್ಯೂಜೆರ್ಸಿಯಲ್ಲಿ, ಅಪ್ಪ-ಅಮ್ಮ ಡೊಂಬಿವಲಿಯಲ್ಲಿ. ಬಾಣಂತನಕ್ಕೆ ಹೋಗಲೇಬೇಕು. ಅಪ್ಪನಿಗೆ ಮಂಡಿ ನೋವು, ಅಮ್ಮನಿಗೆ ಅರ್ಧ ದಿನ ಕುಳಿತರೆ ಕಾಲು ಊದುತ್ತದೆ. 'ಈ ಸಲ ಬಿಸಿನೆಸ್ ಕ್ಲಾಸ್ ಟಿಕೆಟ್ ಮಾಡಿಬಿಡ್ತೀನಿ' ಅಂತ ಮಗಳು ಫೋನಿನಲ್ಲಿ ಹೇಳುತ್ತಾಳೆ. ದರ ಕೇಳಿದ ಅಪ್ಪ, 'ಆ ದುಡ್ಡಲ್ಲಿ ಊರಿನ ಮನೆಯ ಮಾಡು ರಿಪೇರಿ ಮಾಡಿಸಬಹುದು, ಬೇಡ' ಅನ್ನುತ್ತಾರೆ. ಮುಲುಂಡ್, ಥಾಣೆ, ಘಾಟ್ಕೋಪರ್, ಮೀರಾ ರೋಡ್‌ನ ಕನ್ನಡ ಮನೆಗಳಲ್ಲಿ ಇದು ಅಪರೂಪದ ಮಾತುಕತೆಯೇನಲ್ಲ.

ಇಬ್ಬರ ಮಾತಿನಲ್ಲೂ ಅರ್ಥವಿದೆ. ತೊಂದರೆ ಇರುವುದು ಬೇರೆ ಕಡೆ. 'ಬಿಸಿನೆಸ್ ಕ್ಲಾಸ್' ಎಂಬ ಹೆಸರು ಒಂದೇ ಆದರೂ ಆ ಹೆಸರಿನಲ್ಲಿ ಮಾರಾಟವಾಗುವ ಸೀಟುಗಳು ಒಂದೇ ತರಹ ಇಲ್ಲ. ಒಂದೇ ಕಂಪನಿಯ ಎರಡು ವಿಮಾನಗಳಲ್ಲೂ ಅಜಗಜಾಂತರ ಇರಬಹುದು. ದರ ಮಾತ್ರ ಹೆಚ್ಚುಕಮ್ಮಿ ಒಂದೇ!

ಮೊದಲು ಸೀಟಿನ ಲೆಕ್ಕ ತಿಳಿಯಿರಿ

ದೂರದ ಪ್ರಯಾಣದಲ್ಲಿ ಬಿಸಿನೆಸ್ ಕ್ಲಾಸ್ ಅಂದರೆ ಮುಖ್ಯವಾಗಿ ನಿದ್ದೆ. ಊಟ, ಲೌಂಜ್, ಬಿಸಿ ಟವೆಲ್ ಎಲ್ಲ ಆಮೇಲಿನ ಮಾತು. ಸೀಟು ಪೂರ್ತಿ ಚಪ್ಪಟೆಯಾಗಿ ಹಾಸಿಗೆ ಆಗುತ್ತದೆಯೇ, ಸೀಟಿನಿಂದ ನೇರವಾಗಿ ನಡುದಾರಿಗೆ ಇಳಿಯಬಹುದೇ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ವಿಷಯ ಗೊತ್ತಾದಂತೆ.

ಚಪ್ಪಟೆ ಹಾಸಿಗೆ ಬಿಸಿನೆಸ್ ಕ್ಲಾಸ್‌ಗೆ ಬಂದದ್ದು 2000ನೇ ಇಸವಿಯಲ್ಲಿ, ಬ್ರಿಟಿಷ್ ಏರ್‌ವೇಸ್ ಮೂಲಕ. ಅದಕ್ಕೂ ಮೊದಲು ಅದು ಅಗಲವಾದ ಕುರ್ಚಿಯಷ್ಟೇ ಆಗಿತ್ತು. ಇವತ್ತು ಬಹುತೇಕ ಕಂಪನಿಗಳ ದೊಡ್ಡ ವಿಮಾನಗಳಲ್ಲಿ ಹಾಸಿಗೆ ಇದೆ. ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಒಂದು ಸಾಲಿನಲ್ಲಿ 1-2-1 ಎಂದು ನಾಲ್ಕೇ ಸೀಟು ಇದ್ದರೆ ಪ್ರತಿಯೊಬ್ಬರಿಗೂ ನಡುದಾರಿ ಪಕ್ಕದಲ್ಲೇ ಇರುತ್ತದೆ. 2-2-2 ಇದ್ದರೆ ಕಿಟಕಿ ಪಕ್ಕದವರು ರಾತ್ರಿ ಶೌಚಾಲಯಕ್ಕೆ ಹೋಗಲು ಮಲಗಿರುವ ಪಕ್ಕದವರ ಕಾಲು ದಾಟಬೇಕು. 2-3-2 ಇದ್ದರೆ ಕೇಳುವುದೇ ಬೇಡ, ಲಕ್ಷಗಟ್ಟಲೆ ಕೊಟ್ಟೂ ಇಬ್ಬರ ನಡುವಿನ ಸೀಟು ಸಿಗಬಹುದು. ಮಂಡಿ ನೋವಿನ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ.

ಏರ್ ಇಂಡಿಯಾವನ್ನೇ ತೆಗೆದುಕೊಳ್ಳಿ. 2022ರ ಜನವರಿಯಲ್ಲಿ ಟಾಟಾ ಸಮೂಹದ ಕೈಗೆ ಮರಳಿದ ಈ ಸಂಸ್ಥೆಯಲ್ಲಿ ಈಗ ನಾಲ್ಕೈದು ಬಗೆಯ ಬಿಸಿನೆಸ್ ಕ್ಲಾಸ್ ಇವೆ. ಹಳೆಯ ಬೋಯಿಂಗ್ 777-300ಇಆರ್‌ನಲ್ಲಿ 2-3-2. ಹಳೆಯ 787-8ರಲ್ಲಿ 2-2-2, ಒಟ್ಟು 18 ಸೀಟು. ಹೊಸ ಏರ್‌ಬಸ್ ಎ350ಯಲ್ಲಿ ಬಾಗಿಲು ಇರುವ 28 ಸೂಟ್‌ಗಳು, 1-2-1. ಅಮೆರಿಕದ ಡೆಲ್ಟಾ ಕಂಪನಿಯಿಂದ ಬಂದ 777-200ಎಲ್‌ಆರ್‌ಗಳಲ್ಲೂ ಬಾಗಿಲಿನ ಸೂಟ್. 2024ರ ನವೆಂಬರ್ 12ರಂದು ವಿಸ್ತಾರ ವಿಲೀನವಾದಾಗ ಬಂದ 787-9ಗಳಲ್ಲಿ 1-2-1 ಜೋಡಣೆಯ 30 ಸೀಟು. ಮುಂಬೈನಿಂದ ಲಂಡನ್, ಫ್ರಾಂಕ್‌ಫರ್ಟ್‌ಗೆ ವಿಸ್ತಾರ ಹಾರಿಸುತ್ತಿದ್ದದ್ದು ಇವನ್ನೇ. ಹಳೆಯ 787, 777ಗಳ ಒಳಾಂಗಣ ಬದಲಿಸಲು ಸಂಸ್ಥೆ 40 ಕೋಟಿ ಡಾಲರ್ ಯೋಜನೆ ಘೋಷಿಸಿದ್ದು 2022ರಲ್ಲಿ; ಮೊದಲ 787-8 ಆ ಕೆಲಸಕ್ಕೆ ಅಮೆರಿಕಕ್ಕೆ ಹೋಗಿದ್ದು 2025ರಲ್ಲಿ. ಅಂದರೆ ಬದಲಾವಣೆ ಮುಗಿಯುವವರೆಗೆ ಹೊಸದೂ ಹಳೆಯದೂ ಒಟ್ಟಿಗೆ ಹಾರುತ್ತಿರುತ್ತವೆ. ಟಿಕೆಟ್ ಮೇಲೆ ಎರಡಕ್ಕೂ ಒಂದೇ ಹೆಸರು.

ವಿದೇಶಿ ಕಂಪನಿಗಳ ಕಥೆಯೂ ಹೆಚ್ಚು ಬೇರೆಯಲ್ಲ. ಎಮಿರೇಟ್ಸ್‌ನ ಎ380ಯಲ್ಲಿ 1-2-1, ಮೇಲ್ಮಹಡಿಯಲ್ಲಿ ಬಾರ್ ಬೇರೆ. ಅದೇ ಕಂಪನಿಯ ಹಳೆಯ 777ರಲ್ಲಿ 2-3-2. ಅವುಗಳ ನವೀಕರಣ 2024ರಲ್ಲಷ್ಟೇ ಶುರುವಾಯಿತು. ಮುಂಬೈನಿಂದ ದುಬೈಗೆ ಎ380ಯಲ್ಲಿ ಹೋಗಿ, ಮುಂದಿನ ಉದ್ದನೆಯ ಹಾರಾಟಕ್ಕೆ ಹಳೆಯ 777 ಸಿಕ್ಕರೆ ಸುಖವೆಲ್ಲ ಮೂರು ಗಂಟೆಗೆ ಖರ್ಚಾಗಿ, ಕಷ್ಟ ಹದಿನಾಲ್ಕು ಗಂಟೆಗೆ ಉಳಿಯುತ್ತದೆ. ಕತಾರ್ ಏರ್‌ವೇಸ್‌ನ ಹೆಸರಾಂತ ಕ್ಯೂಸೂಟ್ 2017ರಲ್ಲಿ ಬಂತು, ಆದರೆ ಅದು ಎಲ್ಲ ವಿಮಾನದಲ್ಲಿಲ್ಲ. ಬ್ರಿಟಿಷ್ ಏರ್‌ವೇಸ್ ಬಾಗಿಲು ಇರುವ ಕ್ಲಬ್ ಸೂಟ್ ತಂದಿದ್ದು 2019ರಲ್ಲಿ. ಅದಕ್ಕೆ ಹಿಂದಿನ ವ್ಯವಸ್ಥೆಯಲ್ಲಿ ಪಕ್ಕಪಕ್ಕದವರು ಮುಖಾಮುಖಿ ಕೂರಬೇಕಿತ್ತು. ಲುಫ್ತಾನ್ಸಾದ ಹಳೆಯ ಸೀಟು 2-2-2, ಅಕ್ಕಪಕ್ಕದವರ ಪಾದಗಳು ಹತ್ತಿರ ಹತ್ತಿರ ಬರುವ ವಿನ್ಯಾಸ. 2024ರ ಮೇ ತಿಂಗಳಲ್ಲಿ ಬಂದ ಅದರ ಹೊಸ 'ಅಲೆಗ್ರಿಸ್' ಒಳಾಂಗಣದಲ್ಲಿ ಬಿಸಿನೆಸ್ ಟಿಕೆಟ್ ಇದ್ದರೂ ಕೆಲವು ಒಳ್ಳೆಯ ಸೀಟಿಗೆ ಮತ್ತೆ ಶುಲ್ಕ ತೆರಬೇಕು!

ಹಾಗಾಗಿ ಟಿಕೆಟ್ ಮಾಡುವ ಮುನ್ನ ಕಂಪನಿಯ ಹೆಸರಿಗಿಂತ ವಿಮಾನದ ಮಾದರಿ ಮತ್ತು ಸೀಟ್ ಮ್ಯಾಪ್ ನೋಡುವುದು ಮುಖ್ಯ. ಪ್ರಯಾಣಕ್ಕೆ ಒಂದು ವಾರ ಇರುವಾಗ ಮತ್ತೊಮ್ಮೆ ನೋಡಿ. ಕೊನೆ ಗಳಿಗೆಯಲ್ಲಿ ವಿಮಾನ ಬದಲಾಗುವುದು ಸಾಮಾನ್ಯ.

ಹೆಸರು ಬೇರೆ, ಸೀಟೂ ಬೇರೆ

ಇಂಡಿಗೊ 2025ರ ಜುಲೈನಲ್ಲಿ ಮುಂಬೈನಿಂದ ಮ್ಯಾಂಚೆಸ್ಟರ್ ಮತ್ತು ಆಮ್‌ಸ್ಟರ್‌ಡ್ಯಾಮ್‌ಗೆ, ಅಕ್ಟೋಬರ್‌ನಲ್ಲಿ ಲಂಡನ್‌ಗೆ ಹಾರಾಟ ಶುರು ಮಾಡಿತು. ನಾರ್ವೆಯ ನಾರ್ಸ್ ಕಂಪನಿಯಿಂದ ಬಾಡಿಗೆಗೆ ಪಡೆದ ಈ 787-9ರಲ್ಲಿ 56 'ಸ್ಟ್ರೆಚ್' ಸೀಟುಗಳಿವೆ. ದೇಶದೊಳಗಿನ ಮಾರ್ಗಗಳಲ್ಲಿ ಇಂಡಿಗೊ ಇದೇ ಹೆಸರನ್ನು ಬಿಸಿನೆಸ್ ಎಂದು ಪ್ರಚಾರ ಮಾಡಿದ್ದರಿಂದ ಗೊಂದಲ ಸಹಜ. ಆದರೆ ಇದು ಹಿಂದಕ್ಕೆ ಬಾಗುವ ಅಗಲವಾದ ಕುರ್ಚಿ, ಹಾಸಿಗೆ ಅಲ್ಲ. ಬೇರೆ ಕಂಪನಿಗಳ ಪ್ರೀಮಿಯಂ ಎಕಾನಮಿಗೆ ಹೋಲಿಸಿದರೆ ನ್ಯಾಯ. ದರವೂ ಹಾಸಿಗೆಯ ದರವಲ್ಲ ಎಂದಾದರೆ ಅದು ಒಳ್ಳೆಯ ವ್ಯಾಪಾರವೇ. ಹಾಸಿಗೆ ಸಿಗುತ್ತದೆಂದು ತಿಳಿದು ಕೊಂಡರೆ ಮಾತ್ರ ಬೇಸರ.

ಗಂಟೆಗೆ ಎಷ್ಟು ಬೀಳುತ್ತದೆ?

ಬಿಸಿನೆಸ್ ದರ ಸಾಮಾನ್ಯವಾಗಿ ಎಕಾನಮಿಯ ಎರಡೂವರೆಯಿಂದ ಐದು ಪಟ್ಟು ಇರುತ್ತದೆ. ದಿನಾಂಕ, ಸೀಸನ್, ಎಷ್ಟು ಮೊದಲು ಬುಕ್ ಮಾಡುತ್ತೀರಿ ಎಂಬುದರ ಮೇಲೆ ಇದು ದಿನಕ್ಕೊಂದು ರೀತಿ. ಆದ್ದರಿಂದ ಇಲ್ಲಿ ಲೆಕ್ಕದ ವಿಧಾನ ತೋರಿಸಲು ಮಾತ್ರ ಅಂಕಿ ಹಿಡಿಯೋಣ, ಇವು ಯಾವ ಕಂಪನಿಯ ದರವೂ ಅಲ್ಲ.

ಮುಂಬೈ-ಲಂಡನ್ ಒಂದು ಕಡೆಗೆ ಎಕಾನಮಿ 50 ಸಾವಿರ, ಬಿಸಿನೆಸ್ 1.70 ಲಕ್ಷ ರೂ. ಎಂದಿಟ್ಟುಕೊಳ್ಳಿ. ಹೆಚ್ಚುವರಿ 1.20 ಲಕ್ಷ. ಹತ್ತು ಗಂಟೆಯ ಹಾರಾಟದಲ್ಲಿ ಊಟ, ಏರಿಳಿತ ಕಳೆದು ಆರು ಗಂಟೆ ಮಲಗಬಹುದು. ಒಂದು ಗಂಟೆ ನಿದ್ದೆಗೆ 20 ಸಾವಿರ ರೂ. ನ್ಯೂಯಾರ್ಕ್‌ಗೆ ನೇರ ವಿಮಾನ, ಸುಮಾರು 16 ಗಂಟೆ. ವ್ಯತ್ಯಾಸ 1.80 ಲಕ್ಷ, ನಿದ್ದೆ ಹತ್ತು ಗಂಟೆ ಎಂದರೆ ಗಂಟೆಗೆ 18 ಸಾವಿರ. ದುಬೈಗೆ ಮೂರು ಗಂಟೆ. ವ್ಯತ್ಯಾಸ ಬರೀ 35 ಸಾವಿರ ಇರಬಹುದು, ಆದರೆ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯುವ ಹೊತ್ತು. ದೂರ ಹೆಚ್ಚಿದಷ್ಟೂ ದುಡ್ಡಿಗೆ ಬೆಲೆ ಬರುತ್ತದೆ. ಕೊಲ್ಲಿ ದೇಶಗಳಿಗೆ ಮಾತ್ರ ಹೋಗುವವರಿಗೆ ಬಿಸಿನೆಸ್ ಕ್ಲಾಸ್ ಬಹುಪಾಲು ಪ್ರತಿಷ್ಠೆಯ ಖರ್ಚು.

ಹೊತ್ತೂ ನೋಡಬೇಕು. ಮುಂಬೈನಿಂದ ಯುರೋಪಿಗೆ ಹೊರಡುವ ಹಲವು ವಿಮಾನಗಳು ಮಧ್ಯರಾತ್ರಿ ಕಳೆದ ಮೇಲೆ ಹೊರಡುತ್ತವೆ. ಮರಳುವಾಗ ಅಲ್ಲಿಂದ ಬೆಳಗ್ಗೆಯೋ ಮಧ್ಯಾಹ್ನವೋ ಹೊರಟು ಇಲ್ಲಿಗೆ ರಾತ್ರಿ ತಡವಾಗಿ ತಲುಪುವುದೇ ಹೆಚ್ಚು. ಹಗಲು ಹಾರಾಟದಲ್ಲಿ ಹಾಸಿಗೆಯ ಉಪಯೋಗ ಕಡಿಮೆ. ಹೋಗುವಾಗ ಬಿಸಿನೆಸ್, ಬರುವಾಗ ಪ್ರೀಮಿಯಂ ಎಕಾನಮಿ ಎಂದು ಒಂದೇ ಟಿಕೆಟ್‌ನಲ್ಲಿ ಬೆರೆಸಿ ಕೊಳ್ಳಲು ಹಲವು ಕಂಪನಿಗಳು ಅವಕಾಶ ಕೊಡುತ್ತವೆ. ಇದನ್ನು ಕೇಳುವವರೇ ಕಡಿಮೆ.

ನಿಲುಗಡೆ ಇರುವ ಟಿಕೆಟ್ ನೇರ ವಿಮಾನಕ್ಕಿಂತ ಅಗ್ಗ ಇರುವುದುಂಟು. ಆದರೆ 16 ಗಂಟೆಯ ಒಂದೇ ನಿದ್ದೆ ಮೂರು ಗಂಟೆ, ಹದಿನಾಲ್ಕು ಗಂಟೆ ಎಂದು ತುಂಡಾಗುತ್ತದೆ, ನಡುರಾತ್ರಿ ಎದ್ದು ಮತ್ತೊಂದು ಸೆಕ್ಯುರಿಟಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ಕಂಪನಿಗಳಿಗೆ ಮುಚ್ಚಿದ ಮೇಲೆ ನಮ್ಮ ಕಂಪನಿಗಳ ಪಶ್ಚಿಮದ ಹಾರಾಟಗಳು ಸುತ್ತು ಹಾಕಬೇಕಾಯಿತು. ದೆಹಲಿಗೆ ಬಿದ್ದ ಹೊಡೆತ ಮುಂಬೈಗೆ ಅಷ್ಟಿಲ್ಲ, ಅರಬ್ಬಿ ಸಮುದ್ರದ ದಾರಿ ಇಲ್ಲಿ ಪಕ್ಕದಲ್ಲೇ ಇದೆ.

ಕಣ್ಣಿಗೆ ಬೀಳದ ತೆರಿಗೆ

ದರಗಳನ್ನು ಹೋಲಿಸುವಾಗ ಹೆಚ್ಚಿನವರು ಮರೆಯುವುದು ತೆರಿಗೆ. ಎಕಾನಮಿ ಟಿಕೆಟ್‌ಗೆ ಜಿಎಸ್‌ಟಿ ಶೇ 5. ಪ್ರೀಮಿಯಂ ಎಕಾನಮಿ, ಬಿಸಿನೆಸ್, ಫಸ್ಟ್ ಕ್ಲಾಸ್‌ಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ಮೇಲಿನ ಉದಾಹರಣೆಯ 1.70 ಲಕ್ಷದ ಟಿಕೆಟ್‌ಗೆ ಮೊದಲು 20,400 ರೂ. ತೆರಿಗೆ ಬೀಳುತ್ತಿತ್ತು, ಈಗ 30,600 ರೂ. ಕಂಪನಿ ಕೆಲಸಕ್ಕೆ ಹೋಗುವವರಿಗೆ ಇದು ಅಷ್ಟು ತಟ್ಟುವುದಿಲ್ಲ, ಜಿಎಸ್‌ಟಿ ನೋಂದಣಿ ಇರುವ ಸಂಸ್ಥೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು. ಮೊಮ್ಮಗುವನ್ನು ನೋಡಲು ಹೋಗುವ ಅಜ್ಜ-ಅಜ್ಜಿಗೆ ಆ ದಾರಿ ಇಲ್ಲ.

ಬ್ರಿಟನ್‌ನಿಂದ ಮರಳುವಾಗ ಅಲ್ಲಿನ ವಿಮಾನ ಪ್ರಯಾಣಿಕ ಸುಂಕವೂ ಸೇರುತ್ತದೆ. ಭಾರತದಷ್ಟು ದೂರಕ್ಕೆ 2025ರ ಏಪ್ರಿಲ್‌ನಿಂದ ಎಕಾನಮಿಗೆ 90 ಪೌಂಡ್, ಉಳಿದ ದರ್ಜೆಗಳಿಗೆ 216 ಪೌಂಡ್ ಇತ್ತು. 2026ರ ಏಪ್ರಿಲ್‌ನಿಂದ ಅದು 102 ಮತ್ತು 244 ಪೌಂಡ್. ಪ್ರೀಮಿಯಂ ಎಕಾನಮಿಯವರೂ ದೊಡ್ಡ ಸುಂಕವನ್ನೇ ಕೊಡಬೇಕು. ಪಾಯಿಂಟ್ಸ್ ಬಳಸಿ 'ಉಚಿತ' ಟಿಕೆಟ್ ಪಡೆದವರಿಗೂ ವಿನಾಯಿತಿ ಇಲ್ಲ.

ಬಿಸಿನೆಸ್ ಇಲ್ಲದೆಯೂ ಸಿಗುವುದು

ಹಿರಿಯರಿಗೆ ಬಿಸಿನೆಸ್ ಟಿಕೆಟ್ ಮಾಡಿಸುವವರಲ್ಲಿ ಹಲವರು ಹೇಳುವ ಕಾರಣ, 'ಏರ್‌ಪೋರ್ಟ್‌ನಲ್ಲಿ ಕಷ್ಟ ಆಗಬಾರದು' ಎಂದು. ಅದಕ್ಕೆ ಬಿಸಿನೆಸ್ ಬೇಕಿಲ್ಲ. ವೀಲ್‌ಚೇರ್ ನೆರವನ್ನು ಎಕಾನಮಿ ಪ್ರಯಾಣಿಕರೂ ಕೇಳಬಹುದು, ಬುಕಿಂಗ್ ಮಾಡುವಾಗಲೇ ನಮೂದಿಸಬೇಕು. ಇಮಿಗ್ರೇಷನ್ ಸಾಲು ತಪ್ಪಿಸಲು ಕೇಂದ್ರ ಗೃಹ ಸಚಿವಾಲಯದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆ ಇದೆ. ದೆಹಲಿಯಲ್ಲಿ 2024ರ ಜೂನ್‌ನಲ್ಲಿ ಶುರುವಾದ ಇದು 2025ರ ಜನವರಿಯಿಂದ ಮುಂಬೈ, ಬೆಂಗಳೂರಿನಲ್ಲೂ ಲಭ್ಯ. ಭಾರತೀಯರಿಗೆ, ಒಸಿಐ ಕಾರ್ಡ್ ಇರುವವರಿಗೆ ಉಚಿತ; ಆನ್‌ಲೈನ್‌ನಲ್ಲಿ ಮೊದಲೇ ನೋಂದಾಯಿಸಿ, ಬೆರಳಚ್ಚು ಕೊಟ್ಟಿರಬೇಕು. ಲೌಂಜ್‌ಗೆ ಹಲವು ಕ್ರೆಡಿಟ್ ಕಾರ್ಡ್‌ಗಳೇ ಸಾಕು. ಸಸ್ಯಾಹಾರ, ಜೈನ್ ಊಟವನ್ನು ಯಾವ ದರ್ಜೆಯಲ್ಲಾದರೂ 24 ಗಂಟೆ ಮೊದಲೇ ಹೇಳಿಡಬಹುದು.

ಲಗೇಜ್ ವಿಷಯದಲ್ಲಿ ಮಾತ್ರ ಬಿಸಿನೆಸ್‌ಗೆ ನಿಜವಾದ ಲಾಭ ಇದೆ. ಲುಫ್ತಾನ್ಸಾ, ಬ್ರಿಟಿಷ್ ಏರ್‌ವೇಸ್‌ನಂಥವು ತಲಾ 32 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡುತ್ತವೆ. ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಕಟ್ಟಿಕೊಂಡು ಹೋಗುವವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಮಾತು. ಉದ್ದನೆಯ ಹಾರಾಟದಲ್ಲಿ ಅಲುಗಾಡದೆ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಹಾಸಿಗೆ ಸಿಕ್ಕಿತೆಂದು ಈ ಅಪಾಯ ಹೋಗುವುದಿಲ್ಲ. ಆಗಾಗ ಎದ್ದು ನಡೆಯುವುದು, ನೀರು ಕುಡಿಯುವುದು ಎಲ್ಲ ದರ್ಜೆಯವರಿಗೂ ಬೇಕು. ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ದುಡ್ಡು ಕೊಟ್ಟೂ ಸೀಟು ಸಿಗದಿದ್ದರೆ?

ಬಿಸಿನೆಸ್ ಟಿಕೆಟ್ ಇದ್ದರೂ ವಿಮಾನ ಬದಲಾಗಿ ಎಕಾನಮಿಯಲ್ಲಿ ಕೂರಿಸಿದರೆ ನಿಮಗೆ ಹಕ್ಕಿದೆ. ಡಿಜಿಸಿಎ 2023ರ ಫೆಬ್ರುವರಿ 15ರಿಂದ ಜಾರಿಗೆ ತಂದ ನಿಯಮದಂತೆ, ಅಂತರರಾಷ್ಟ್ರೀಯ ಹಾರಾಟ 3,500 ಕಿ.ಮೀ.ಗಿಂತ ಹೆಚ್ಚಿದ್ದರೆ ತೆರಿಗೆ ಸೇರಿ ಟಿಕೆಟ್ ಮೊತ್ತದ ಶೇ 75, 1,500ರಿಂದ 3,500 ಕಿ.ಮೀ.ವರೆಗೆ ಶೇ 50, ಅದಕ್ಕಿಂತ ಕಡಿಮೆಯಾದರೆ ಶೇ 30ರಷ್ಟು ಹಣ ಮರಳಿಸಬೇಕು. ಮುಂಬೈ-ಲಂಡನ್ 7,000 ಕಿ.ಮೀ.ಗೂ ಹೆಚ್ಚು, ಮುಂಬೈ-ದುಬೈ 2,000 ಕಿ.ಮೀ. ಆಸುಪಾಸು. ಕೌಂಟರ್‌ನಲ್ಲಿ ವೋಚರ್ ಕೊಟ್ಟು ಸಮಾಧಾನ ಮಾಡಲು ಬಂದರೆ ಈ ಅಂಕಿ ನೆನಪಿರಲಿ.

ಸೀಟು ಸಿಕ್ಕಿದೆ, ಆದರೆ ಅದು ಕೆಲಸ ಮಾಡುತ್ತಿಲ್ಲ ಎಂದರೆ? ತೆಲಂಗಾಣದ ಹಿರಿಯ ಐಪಿಎಸ್ ಅಧಿಕಾರಿ ರವಿ ಗುಪ್ತಾ ದಂಪತಿ 2023ರ ಮೇ ತಿಂಗಳಲ್ಲಿ ಹೈದರಾಬಾದ್‌ನಿಂದ ಸಿಂಗಪುರ ಮೂಲಕ ಆಸ್ಟ್ರೇಲಿಯಾಕ್ಕೆ ಹೋಗುವಾಗ ಬಿಸಿನೆಸ್ ಸೀಟು ವಿದ್ಯುತ್ತಿನಿಂದ ಬಾಗುತ್ತಿರಲಿಲ್ಲ. ಕಂಪನಿ ಪಾಯಿಂಟ್ಸ್ ಕೊಡಲು ಮುಂದಾದರೂ ಅವರು ಒಪ್ಪದೆ ಗ್ರಾಹಕ ಆಯೋಗಕ್ಕೆ ಹೋದರು. 2024ರಲ್ಲಿ ಆಯೋಗ ಇಬ್ಬರಿಗೂ ತಲಾ 48,750 ರೂ.ಗಳನ್ನು ಶೇ 12 ಬಡ್ಡಿಯೊಂದಿಗೆ ಮರಳಿಸಲು, ಜೊತೆಗೆ 1 ಲಕ್ಷ ರೂ. ಪರಿಹಾರ ಕೊಡಲು ಸಿಂಗಪುರ್ ಏರ್‌ಲೈನ್ಸ್‌ಗೆ ಆದೇಶಿಸಿತು. ಇಂಥ ಸಂದರ್ಭದಲ್ಲಿ ಸಿಬ್ಬಂದಿಗೆ ಹಾರಾಟದಲ್ಲೇ ದೂರು ಕೊಟ್ಟು, ಸೀಟಿನ ಫೋಟೊ, ವಿಡಿಯೊ, ಬೋರ್ಡಿಂಗ್ ಪಾಸ್ ಇಟ್ಟುಕೊಂಡಿರಬೇಕು. ಇಳಿದ ಮೇಲೆ ಇಮೇಲ್ ಮಾಡಿ, ಬಾಯಿಮಾತಿನ ಭರವಸೆಗೆ ಬೆಲೆ ಇಲ್ಲ.

ದರ ಇಳಿಸುವ ದಾರಿಗಳು ಕೆಲವಿವೆ. ಎಕಾನಮಿ ಟಿಕೆಟ್ ಮಾಡಿ, ಖಾಲಿ ಬಿಸಿನೆಸ್ ಸೀಟಿಗೆ ಬಿಡ್ ಹಾಕುವ ಸೌಲಭ್ಯ ಏರ್ ಇಂಡಿಯಾ, ಲುಫ್ತಾನ್ಸಾದಲ್ಲಿದೆ. ಸಿಕ್ಕರೆ ಲಾಭ, ಸಿಗದಿದ್ದರೆ ಎಕಾನಮಿಯೇ ಗತಿ. ಹಿರಿಯರ ಪ್ರಯಾಣಕ್ಕೆ ಇದನ್ನು ನಂಬಿ ಕೂರುವಂತಿಲ್ಲ. ಕೊಲಂಬೊದಿಂದ ಹೊರಡುವ ಬಿಸಿನೆಸ್ ಟಿಕೆಟ್ ಕೆಲವೊಮ್ಮೆ ಮುಂಬೈ ದರಕ್ಕಿಂತ ಬಹಳ ಕಡಿಮೆ ಇರುತ್ತದೆ, ಆದರೆ ಅಲ್ಲಿಗೆ ಬೇರೆ ಟಿಕೆಟ್‌ನಲ್ಲಿ ಹೋಗಬೇಕು. ಆ ಟಿಕೆಟ್ ಮುಂಬೈ ಮೂಲಕವೇ ಇದೆ ಎಂದುಕೊಂಡು ಮೊದಲ ಹಾರಾಟ ಬಿಟ್ಟು ಇಲ್ಲೇ ಹತ್ತಲು ಹೋದರೆ, ಉಳಿದ ಪ್ರಯಾಣವೆಲ್ಲ ರದ್ದಾಗುತ್ತದೆ. ಮಂಗಳೂರು, ಹುಬ್ಬಳ್ಳಿಯಿಂದ ಬೇರೆ ಟಿಕೆಟ್‌ನಲ್ಲಿ ಮುಂಬೈಗೆ ಬರುವವರು ಮತ್ತೊಂದು ವಿಷಯ ಗಮನಿಸಬೇಕು: ದೇಶದೊಳಗಿನ ವಿಮಾನ ಟರ್ಮಿನಲ್ 1ರಲ್ಲಿ ಇಳಿದರೆ, ಪೆಟ್ಟಿಗೆ ಹಿಡಿದು ರಸ್ತೆ ಮೂಲಕ ಅಂಧೇರಿ ಕಡೆಯ ಟರ್ಮಿನಲ್ 2ಕ್ಕೆ ಹೋಗಬೇಕು. ಸಂಜೆಯ ಟ್ರಾಫಿಕ್‌ಗೆ ನಿಮ್ಮ ಟಿಕೆಟ್ ಯಾವ ಕ್ಲಾಸ್ ಎಂಬುದು ಗೊತ್ತಿರುವುದಿಲ್ಲ, ನಡುವೆ ಕನಿಷ್ಠ ನಾಲ್ಕೈದು ಗಂಟೆ ಇಟ್ಟುಕೊಳ್ಳಿ.