ಪ್ಯಾಡಾಕ್‌ಗೆ ಎಂಥ ಗಝೀಬೊ ಬೇಕು?

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ರೇಸ್‌ಗೆ ಹೊರಟಿದ್ದೀರಾ? ಪ್ಯಾಡಾಕ್‌ನಲ್ಲಿ, ಅಂದ್ರೆ ತಂಡಗಳು ಗಾಡಿ ಸಿದ್ಧಮಾಡೋ ಜಾಗದಲ್ಲಿ, ನೆರಳಿಗೆ ಹಾಕೋ ಮಡಚುವ ಡೇರೆಯೇ ಗಝೀಬೊ. ಅದನ್ನ ಕೊಳ್ಳೋ ಮುಂಚೆ ಈ ನಾಲ್ಕು ವಿಷಯ ನೋಡ್ಕೊಳ್ಳಿ.

ಒಂದು, ಅಳತೆ. ಬೈಕ್‌ಗೆ 3×3 ಮೀಟರ್ ಸಾಕು. ಕಾರಿಗಾದ್ರೆ 3×6 ಬೇಕು.

ಎರಡು, ಕಾಲು. ಷಟ್ಕೋನದ ದಪ್ಪ ಅಲ್ಯೂಮಿನಿಯಂ ಕೊಳವೆ ಸುಲಭಕ್ಕೆ ಬಾಗಲ್ಲ. ಪ್ರತಿ ಜಾಯಿಂಟ್ ಅಲ್ಲಾಡಿಸಿ ನೋಡಿ.

ಮೂರು, ಬಟ್ಟೆ. ಪಿವಿಸಿ ಲೇಪನದ ಪಾಲಿಯೆಸ್ಟರ್ ಇರಲಿ, ಹೊಲಿಗೆಯಲ್ಲಿ ನೀರು ಸೋರಬಾರದು.

ನಾಲ್ಕನೇದು, ಎಲ್ಲಕ್ಕಿಂತ ಮುಖ್ಯ: ತೂಕ. ಕಾಂಕ್ರೀಟ್ ನೆಲಕ್ಕೆ ಗೂಟ ಹೊಡೆಯೋಕಾಗಲ್ಲ. ಪ್ರತಿ ಕಾಲಿಗೂ ಕನಿಷ್ಠ 20 ಕಿಲೋ ಕಟ್ಟಿ. ತುಂಬಿದ 20 ಲೀಟರ್ ನೀರಿನ ಕ್ಯಾನ್ ಅಷ್ಟು ತೂಗುತ್ತೆ.

ನೆನಪಿಡಿ, ಗಾಳಿಯ ವೇಗ ಎರಡು ಪಟ್ಟಾದ್ರೆ ಅದರ ಒತ್ತಡ ನಾಲ್ಕು ಪಟ್ಟು. ಗಾಳಿ ಜೋರಾಯ್ತಾ? ತಡಮಾಡದೆ ಗಝೀಬೊ ಮಡಚಿಬಿಡಿ. ಅದರ ಕೆಳಗೆ ನಿಮ್ಮ ಹುಡುಗರಿದ್ದಾರೆ.