ಓಲೆಗರಿಗಳ ಛಾಯಾಚಿತ್ರಗಳನ್ನು ಒಟ್ಟಾಗಿ ಜಾಲಕ್ಕೇರಿಸುವ ಕ್ರಮ

ಗ್ರಂಥಸಂಪಾದನೆಯಲ್ಲಿ ಗ್ರಂಥಪಾತವೆಂಬುದು ಚಿರಪರಿಚಿತವಾದ ದೋಷ. ಓಲೆ ಮುರಿದೋ, ಹುಳು ತಿಂದೋ, ಲಿಪಿಕಾರನ ಕಣ್ಣು ತಪ್ಪಿಯೋ ಪಾಠವು ಲುಪ್ತವಾಗುವುದುಂಟು. ಈಚೆಗೆ ಇದಕ್ಕೆ ಮತ್ತೊಂದು ಕಾರಣವು ಕೂಡಿಕೊಂಡಿರುವುದು: ಪ್ರತಿಯಲ್ಲಿ ಗರಿಯು ಸುರಕ್ಷಿತವಾಗಿದ್ದರೂ ಅದರ ಛಾಯಾಚಿತ್ರವು ಜಾಲತಾಣಕ್ಕೆ ಏರುವಾಗ ಕಳೆದುಹೋಗಬಹುದು. ಚಿತ್ರಗಳನ್ನೇ ನೋಡಿ ಪಾಠಾಂತರಗಳನ್ನು ಗುರುತಿಸುವ ದೂರದ ವಿದ್ವಾಂಸನಿಗೆ ಈ ಎರಡು ಲೋಪಗಳ ಭೇದವು ತಿಳಿಯಲಾರದು.

ಧಾರವಾಡದಲ್ಲಿ ಈ ವಿಷಯದ ವಿಚಾರವು ಅಪ್ರಸ್ತುತವಲ್ಲ. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ ೧೯೩೯ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯೂ ಇಲ್ಲಿ ಸ್ಥಾಪಿತವಾದುವು. ಸಂಶೋಧನ ಸಂಸ್ಥೆಯು ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೇರಿತು. ಓಲೆಯ ಹಾಗೂ ಕಾಗದದ ಪ್ರತಿಗಳು ಇಲ್ಲಿ ಸಂಗ್ರಹಿತವಾಗಿವೆ. ನೂರು ಗರಿಗಳ ಒಂದು ಕಟ್ಟಿಗೆ ಎರಡು ಮಗ್ಗುಲುಗಳಂತೆ ಇನ್ನೂರು ಚಿತ್ರಗಳಾಗುವುವು. ಇವನ್ನು ಒಂದೊಂದಾಗಿ ಏರಿಸುವುದು ಬಹು ಶ್ರಮದ ಕೆಲಸ. ಆದುದರಿಂದ ಅನೇಕ ಕಡತಗಳನ್ನು ಒಮ್ಮೆಲೇ ಸ್ವೀಕರಿಸುವ ಏರ್ಪಾಡು ಜಾಲತಾಣದಲ್ಲಿ ಇರಬೇಕಾಗುವುದು.

ಈ ಏರ್ಪಾಡಿನ ಮೂಲವು ೧೯೯೫ರ ನವೆಂಬರದಲ್ಲಿ ಪ್ರಕಟವಾದ ಆರ್‌ಎಫ್‌ಸಿ ೧೮೬೭ ಎಂಬ ಪ್ರಮಾಣಪತ್ರ. ಝೆರಾಕ್ಸ್ ಸಂಸ್ಥೆಯ ನೆಬೆಲ್, ಮಾಸಿಂಟರ್ ಎಂಬವರು ಇದರ ಕರ್ತೃಗಳು. ಇದರಂತೆ ಕಳುಹಿಸುವ ಸಂದೇಶವು ಒಂದು ವಿಶಿಷ್ಟ ಗಡಿರೇಖೆಯಿಂದ ಹಲವು ಭಾಗಗಳಾಗಿ ವಿಭಕ್ತವಾಗುವುದು. ಪ್ರತಿಯೊಂದು ಭಾಗವೂ ತನ್ನ ಕಡತದ ಹೆಸರನ್ನೂ ಬಗೆಯನ್ನೂ ಹೊತ್ತಿರುವುದು. ದಾರದಲ್ಲಿ ಪೋಣಿಸಿದ ಗರಿಗಳಿಗೆ ಇದನ್ನು ಹೋಲಿಸಬಹುದು. ಮೊದಲು ಒಂದೇ ಅಂಕಣದ ಹಲವು ಕಡತಗಳನ್ನು ಕಟ್ಟಿನೊಳಗೊಂದು ಕಿರುಕಟ್ಟಾಗಿ ಇಡುವ ಪದ್ಧತಿಯಿತ್ತು; ೨೦೧೫ರ ಆರ್‌ಎಫ್‌ಸಿ ೭೫೭೮ ಅದನ್ನು ಕೈಬಿಟ್ಟು, ಒಂದೇ ಅಂಕಣನಾಮದಿಂದ ಪ್ರತಿ ಕಡತಕ್ಕೂ ಪ್ರತ್ಯೇಕ ಭಾಗವನ್ನು ವಿಧಿಸಿತು. ೨೦೧೪ರಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್ ೫ರಲ್ಲಿ 'ಮಲ್ಟಿಪಲ್' ಎಂಬ ಒಂದು ಪದವನ್ನು ಸೇರಿಸಿದ ಮಾತ್ರಕ್ಕೆ ಬ್ರೌಸರು ಹಲವು ಕಡತಗಳನ್ನು ಆರಿಸಿಕೊಳ್ಳಗೊಡುವುದು.

ಕಳುಹಿಸುವುದು ಇಷ್ಟು ಸುಲಭವಾದರೂ ಸ್ವೀಕರಿಸುವಲ್ಲಿ ಎಚ್ಚರ ಬೇಕು. ಬಹು ಪ್ರಚಾರದಲ್ಲಿರುವ ಪಿಎಚ್‌ಪಿ ಭಾಷೆಯನ್ನೇ ನೋಡಬಹುದು. ಅಂಕಣದ ಹೆಸರಿನ ಕೊನೆಯಲ್ಲಿ ಚೌಕ ಕಂಸಗಳನ್ನು ಇಡದಿದ್ದರೆ ಬಂದ ಕಡತಗಳಲ್ಲಿ ಕಡೆಯದೊಂದೇ ಉಳಿಯುವುದು. ನಿರ್ವಾಹಕನು ಮಾರ್ಪಡಿಸದಿದ್ದರೆ ಒಂದು ಸಲಕ್ಕೆ ೨೦ ಕಡತಗಳು, ಕಡತವೊಂದಕ್ಕೆ ೨ ಮೆಗಾಬೈಟ್, ಇಡೀ ಸಂದೇಶಕ್ಕೆ ೮ ಮೆಗಾಬೈಟ್ ಎಂಬುದೇ ಮಿತಿ. ಇಪ್ಪತ್ತೈದು ಪುಟ್ಟ ಚಿತ್ರಗಳನ್ನು ಕಳುಹಿಸಿದರೆ ಕೊನೆಯ ಐದು ಬಿಟ್ಟುಹೋಗುವುವು. ಸಂದೇಶದ ಮಿತಿ ಮೀರಿದರೆ ಒಂದೂ ಕೈಸೇರದು. ಪರೀಕ್ಷಿಸುವ ಏರ್ಪಾಡಿಲ್ಲದ ತಾಣವು ಆಗಲೂ ಕಾರ್ಯವು ಮುಗಿಯಿತೆಂದೇ ಹೇಳೀತು.

ಮಿತಿಗಳನ್ನು ಹೆಚ್ಚಿಸುವುದು ಅರ್ಧ ಪರಿಹಾರ ಮಾತ್ರ. ಪ್ರತಿ ಚಿತ್ರವನ್ನೂ ಬೇರೆ ಬೇರೆ ಸಂದೇಶವಾಗಿ ಕಳುಹಿಸಿ, ಏರದೆ ಉಳಿದುದನ್ನಷ್ಟೇ ಪುನಃ ಕಳುಹಿಸುವ ಕ್ರಮವು ಲೇಸು. ವಿದ್ಯುತ್ತು ಅಥವಾ ಸಂಪರ್ಕವು ನಡುವೆ ತಪ್ಪಿದರೂ ಆವರೆಗಿನ ಶ್ರಮವು ವ್ಯರ್ಥವಾಗದು. ಆದರೆ ಹೀಗೆ ಏಕಕಾಲದಲ್ಲಿ ಹೊರಟ ಚಿತ್ರಗಳಲ್ಲಿ ಚಿಕ್ಕದು ಮೊದಲು, ದೊಡ್ಡದು ಅನಂತರ ತಲುಪಬಹುದು. ತಲುಪಿದ ಕ್ರಮವನ್ನೇ ಗರಿಗಳ ಕ್ರಮವೆಂದು ಭಾವಿಸಿದರೆ ದಾರ ಹರಿದ ಕಟ್ಟಿನ ಅವಸ್ಥೆಯೇ ಆಗುವುದು. ಆದುದರಿಂದ ಗರಿಯ ಸಂಖ್ಯೆಯೂ ಮಗ್ಗುಲೂ ಚಿತ್ರದೊಡನೆಯೇ ಬರತಕ್ಕದ್ದು.

ಹೆಸರಿಡುವಲ್ಲಿಯೂ ಎರಡು ಅಂಶಗಳು ಗಮನಾರ್ಹ. ಅಕ್ಷರಾನುಕ್ರಮದಲ್ಲಿ ಜೋಡಿಸುವ ಯಂತ್ರವು ೧೦ನ್ನು ೨ಕ್ಕಿಂತ ಮೊದಲು ಇಡುವುದು. ೦೦೨, ೦೧೦ ಎಂದು ಸಮಾನ ಸ್ಥಾನಗಳಲ್ಲಿ ಬರೆದರೆ ಈ ತೊಡಕಿಲ್ಲ. ಎರಡನೆಯದಾಗಿ, ಯೂನಿಕೋಡಿನಲ್ಲಿ ದೀರ್ಘ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಕೂಟವಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಆದ 'ಕೋಶ' ಎಂಬ ಹೆಸರು ಯಂತ್ರಕ್ಕೆ ಎರಡಾಗಿ ಕಾಣುವುದು. ಸ್ವೀಕರಿಸುವ ತಂತ್ರಾಂಶವು ಇವನ್ನು ಒಂದೇ ರೂಪಕ್ಕೆ ತರಬೇಕು.

ಕಡೆಗೆ, ಲೆಕ್ಕದ ತಾಳೆಯು ಅವಶ್ಯ. ಹಳೆಯ ಲಿಪಿಕಾರರು ಗರಿಗಳಿಗೆ ಅಂಕೆಯಿಟ್ಟುದು ಇದಕ್ಕಾಗಿಯೇ ಅಷ್ಟೆ. ಏರಿಸುವ ಮೊದಲೇ ಚಿತ್ರಗಳ ಪಟ್ಟಿಯನ್ನೂ, ಎಸ್‌ಎಚ್‌ಎ-೨೫೬ ವಿಧಾನದಿಂದ ಪ್ರತಿ ಕಡತದ ಸಾರಸಂಖ್ಯೆಯನ್ನೂ ಸಿದ್ಧಪಡಿಸಿ, ತಲುಪಿದ ಬಳಿಕ ಹೋಲಿಸಬೇಕು; ಕಡತವು ಮಾರ್ಗದಲ್ಲಿ ಕೆಟ್ಟಿದ್ದರೆ ಸಂಖ್ಯೆಯು ಬೇರೆಯಾಗುವುದು. ಗ್ರಂಥದ ವಿವರಣೆಯಲ್ಲಿ 'ಗರಿ ಲುಪ್ತ' ಎಂಬುದನ್ನೂ 'ಚಿತ್ರ ಬಂದಿಲ್ಲ' ಎಂಬುದನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು. ಈ ನಿರ್ಣಯವು ಯಂತ್ರಜ್ಞನೊಬ್ಬನಿಂದ ಆಗತಕ್ಕುದಲ್ಲ. ಮೂಲಪ್ರತಿಯನ್ನು ಕಣ್ಣಾರೆ ಕಂಡು ಗರಿಗಳನ್ನು ಎಣಿಸಬಲ್ಲ ವಿದ್ವಾಂಸನು ಜೊತೆಗಿರಬೇಕು.