ಮೀನಿನ ಲೋಳೆ ಬರೀ ಲೋಳೆ ಅಲ್ಲ

ಚೆನ್ನೈಗೆ ಬಂದಿರೋ ನಮ್ಮ ಐಟಿ ಮಂದಿಯಲ್ಲಿ ಎಷ್ಟೋ ಜನರ ಮನೇಲಿ ಒಂದು ಅಕ್ವೇರಿಯಂ ಇರತ್ತೆ. ನಾಯಿ ಸಾಕೋಕೆ ಓನರ್ ಬಿಡಲ್ಲ, ಮಕ್ಕಳು ಹಟ ಬಿಡಲ್ಲ. ಭಾನುವಾರ ಕೊಳತ್ತೂರಿಗೆ ಹೋಗಿ ಗಪ್ಪಿ, ಮಾಲಿ, ಗೋಲ್ಡ್‌ಫಿಶ್ ತಂದುಬಿಡ್ತೀವಿ. ಬಣ್ಣದ ಮೀನು ಸಾಕಿ ಮಾರೋದು ಅಲ್ಲಿನ ಎಷ್ಟೋ ಕುಟುಂಬಗಳ ಕಸುಬು. ತಂದ ಕೆಲವೇ ದಿನದಲ್ಲಿ ಒಮ್ಮೊಮ್ಮೆ ಮೀನಿನ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಏಳತ್ತೆ. ಮೀನು ಕಲ್ಲಿಗೆ ಮೈ ಉಜ್ಜತ್ತೆ, ತಿನ್ನೋದು ಬಿಡತ್ತೆ. ಗಾಬರಿಯಲ್ಲಿ ಯಾವುದೋ ಆಂಟಿಬಯೋಟಿಕ್ ಪುಡಿ ತಂದು ಸುರಿಯೋರು ಬಹಳ. ಅದಕ್ಕೂ ಮುಂಚೆ, ಮೀನು ತನ್ನನ್ನ ತಾನು ಹೇಗೆ ಕಾಪಾಡ್ಕೊಳ್ಳತ್ತೆ ಅಂತ ನೋಡೋಣ.

ಮೊದಲು ಶತ್ರು ಯಾರು? ಹೆಸರು ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಯಿಸ್. ಮೀನು ಸಾಕೋರು ಚಿಕ್ಕದಾಗಿ 'ಇಕ್' ಅಂತಾರೆ. ಇದು ಬ್ಯಾಕ್ಟೀರಿಯಾ ಅಲ್ಲ. ಮೈತುಂಬ ಸಣ್ಣ ರೋಮ ಇರೋ ಏಕಕೋಶ ಪರಾವಲಂಬಿ. 'ಮಲ್ಟಿಫಿಲಿಯಿಸ್' ಅಂದ್ರೆ ಬಹಳ ಮಕ್ಕಳುಳ್ಳದ್ದು, ಹೆಸರಿಗೆ ತಕ್ಕ ಹಾಗೇ ಇದೆ. ನೀರಲ್ಲಿ ಈಜೋ ಮರಿ ಮೀನಿನ ಹೊರಚರ್ಮದ ಒಳಗೆ ನುಗ್ಗಿ ಅಲ್ಲೇ ತಿಂದು ಬೆಳೆಯತ್ತೆ. ನಮಗೆ ಕಾಣೋ ಬಿಳಿ ಚುಕ್ಕೆ ಅದೇ. ಬೆಳೆದ ಮೇಲೆ ಮೀನನ್ನ ಬಿಟ್ಟು, ತಳದ ಕಲ್ಲಿಗೋ ಗಿಡಕ್ಕೋ ಅಂಟಿ, ಒಡೆದು ಒಡೆದು ನೂರಾರು, ಕೆಲವು ಸಲ ಸಾವಿರದವರೆಗೆ ಮರಿಗಳಾಗತ್ತೆ. 25 ಡಿಗ್ರಿ ಆಸುಪಾಸಿನ ನೀರಲ್ಲಿ ಈ ಇಡೀ ಚಕ್ರ ಒಂದು ವಾರದೊಳಗೆ ಮುಗಿಯತ್ತೆ. ಆದ್ರೆ ಹೊಸ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗಲಿಲ್ಲ ಅಂದ್ರೆ ಅದು ಸತ್ತಂತೆಯೇ.

ಈಗ ಮೀನಿನ ಕಡೆ ಬರೋಣ. ಕೆರೆ ಮೀನು ತಂದ ದಿನ ಊರಲ್ಲಿ ಬೂದಿ ಹಚ್ಚಿ ಉಜ್ಜೋದು ನೆನಪಿರಬಹುದು. ಅಷ್ಟು ಉಜ್ಜಿದ್ರೂ ಬೇಗ ಹೋಗದ ಆ ಲೋಳೆಯೇ ಮೀನಿನ ಮೊದಲ ಕೋಟೆ. ನಮ್ಮ ಚರ್ಮದ ಮೇಲ್ಪದರ ಸತ್ತ ಕೋಶಗಳದ್ದು. ಮೀನಿನದು ಹಾಗಲ್ಲ, ತೀರಾ ಹೊರಗಿನ ಕೋಶವೂ ಜೀವಂತ. ಅವುಗಳ ನಡುವೆ ಇರೋ ಗಾಬ್ಲೆಟ್ ಕೋಶಗಳು ಲೋಳೆ ಸುರಿಸ್ತಾನೇ ಇರ್ತವೆ. ಹಳೇ ಲೋಳೆ ಕಳಚಿ ಹೋಗುವಾಗ ಅಂಟಿದ ಕ್ರಿಮಿಯನ್ನೂ ಹೊತ್ತೊಯ್ಯತ್ತೆ. ಅದರಲ್ಲಿ ಬ್ಯಾಕ್ಟೀರಿಯಾದ ಗೋಡೆ ಒಡೆಯೋ ಲೈಸೋಜೈಮ್ ಇದೆ. ಕೆಲವು ಜಾತಿಯ ಮೀನುಗಳಲ್ಲಿ ಪಿಸಿಡಿನ್ ಅನ್ನೋ ಸಣ್ಣ ಪ್ರೋಟೀನೂ ಇದೆ. ಪಿಸಿಡಿನ್ ಇಕ್‌ನ ಮರಿಗಳನ್ನ ಕೊಲ್ಲಬಲ್ಲದು ಅಂತ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ.

ಎರಡನೇ ಸಾಲು ಆಂಟಿಬಾಡಿಗಳು. 2005ರಲ್ಲಿ ರೇನ್‌ಬೋ ಟ್ರೌಟ್ ಮೀನಿನಲ್ಲಿ ಐಜಿಟಿ ಅನ್ನೋ ಆಂಟಿಬಾಡಿ ಪತ್ತೆಯಾಯ್ತು. ಇದು ಕರುಳು, ಚರ್ಮ, ಕಿವಿರುಗಳ ಲೋಳೆಯಲ್ಲಿ ಕೆಲಸ ಮಾಡೋ ಕಾವಲುಗಾರ. ಅದಕ್ಕೆ ಎರಡು ಕೆಲಸ. ಇಕ್ ಬಂದಾಗ ಅದರ ಮೇಲೆ ಬೀಳೋದು ಒಂದು. ಉಳಿದ ದಿನಗಳಲ್ಲಿ ಮೈಮೇಲೆ ವಾಸ ಮಾಡೋ ಬ್ಯಾಕ್ಟೀರಿಯಾಗಳನ್ನ ಹೊದ್ದು ಹದ್ದುಬಸ್ತಿನಲ್ಲಿಡೋದು ಇನ್ನೊಂದು. 2020ರಲ್ಲಿ ಟ್ರೌಟ್‌ಗಳಿಂದ ಐಜಿಟಿಯನ್ನ ತೆಗೆದು ನೋಡಿದಾಗ ಎರಡೂ ಕೆಟ್ಟವು. ಮೀನು ಪರಾವಲಂಬಿಗೆ ಸುಲಭದ ತುತ್ತಾಯ್ತು, ಬ್ಯಾಕ್ಟೀರಿಯಾಗಳ ಸಮತೋಲನವೂ ತಪ್ಪಿತು. ಎಲ್ಲ ಮೀನಲ್ಲೂ ಐಜಿಟಿ ಇಲ್ಲ. ಚಾನೆಲ್ ಕ್ಯಾಟ್‌ಫಿಶ್‌ನಲ್ಲಿ ಇಲ್ಲ, ಅದು ಬೇರೆ ಆಂಟಿಬಾಡಿಯಿಂದ ನಡೆಸತ್ತೆ. ಒಮ್ಮೆ ಇಕ್ ಬಂದು ಬದುಕುಳಿದ ಕ್ಯಾಟ್‌ಫಿಶ್‌ನ ಆಂಟಿಬಾಡಿ ಚರ್ಮದೊಳಗಿನ ಪರಾವಲಂಬಿಯನ್ನ ಸಾಯಿಸೋದಕ್ಕಿಂತ, ಅದೇ ಮನೆ ಬಿಟ್ಟು ಓಡೋ ಹಾಗೆ ಮಾಡತ್ತೆ.

ಮೂರನೇ ಸಾಲು ಆ ಬ್ಯಾಕ್ಟೀರಿಯಾಗಳೇ. ಅವು ಜಾಗ, ಆಹಾರ ಹಿಡಿದು ಕೂತಿದ್ರೆ ಹೊರಗಿನೋರಿಗೆ ಎಡೆ ಇಲ್ಲ. ಕೆಲವು ಅಸ್ತ್ರಗಳನ್ನೂ ತಯಾರಿಸ್ತವೆ. ಸ್ಯೂಡೊಮೊನಾಸ್‌ನ ಎಚ್6 ಅನ್ನೋ ತಳಿ ಸೋಪಿನ ಥರದ ಒಂದು ವಸ್ತು ಸುರಿಸತ್ತೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಮೀನಿನ ಹೊರಗೆ ನೀರಲ್ಲಿರೋ ಇಕ್‌ನ ಎಲ್ಲ ಹಂತಗಳನ್ನೂ ಕೊಂದಿತು.

ಈಗ ಆ ಪುಡಿಯ ವಿಷಯ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗೆ, ಇಕ್‌ಗೆ ಅಲ್ಲ. ಅಂದ್ರೆ ಕಳ್ಳ ಹಾಗೇ ಉಳಿದ, ಕಾವಲುಗಾರರಿಗೆ ಏಟು ಬಿತ್ತು. ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ, ಕೆರೆಗೆ ಬಿಡ್ತಾರಲ್ಲ ಗ್ಯಾಂಬೂಸಿಯಾ, ಆ ಮೀನಿಗೆ ರಿಫಾಂಪಿಸಿನ್ ಕೊಟ್ಟು ನೋಡಿದ ಅಧ್ಯಯನ 2015ರಲ್ಲಿ ಬಂತು. ಮೈಮೇಲಿನ ಮತ್ತು ಕರುಳಿನ ಸೂಕ್ಷ್ಮಜೀವಿಗಳು ಏರುಪೇರಾಗಿ, ಮೀನು ರೋಗಕಾರಕ ಬ್ಯಾಕ್ಟೀರಿಯಾಕ್ಕೂ ಉಪ್ಪಿನ ಒತ್ತಡಕ್ಕೂ ಹೆಚ್ಚು ಬಗ್ಗಿತು. ಅಲ್ಲಿ ಶತ್ರು ಇಕ್ ಅಲ್ಲ, ಆದ್ರೂ ಪಾಠ ಒಂದೇ. ಜೊತೆಗೆ ತೊಟ್ಟಿ ನೀರು ಚರಂಡಿಗೆ ಹೋಗತ್ತೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯೋಕೆ ಅದೂ ದಾರಿ.

ಹಾಗಾದ್ರೆ ಮಾಡೋದೇನು? ಹೊಸ ಮೀನನ್ನ ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ. ಮೆಟ್ರೋ ವಾಟರ್‌ನ ಕ್ಲೋರಿನ್ ತೆಗೆದೇ ಹಾಕಿ, ಅದು ಕಿವಿರು, ಲೋಳೆ ಎರಡನ್ನೂ ಸುಡತ್ತೆ. ರಾತ್ರಿ ಏಸಿ, ಹಗಲು ಚೆನ್ನೈ ಬಿಸಿ ಅಂತ ನೀರಿನ ತಾಪಮಾನ ಏರಿಳಿಯೋಕೆ ಬಿಡಬೇಡಿ. ಬಲೆಯಲ್ಲಿ ಪದೇಪದೇ ಹಿಡೀಬೇಡಿ. ಚುಕ್ಕೆ ಕಂಡ್ರೆ ದಿನಾ ತಳದ ಕಸ ಪೈಪಿನಿಂದ ಎಳೆದು ತೆಗೀರಿ, ಅಂಟಿ ಕೂತ ಕೋಶಗಳೂ ಹೋಗ್ತವೆ. ಇಕ್‌ಗೆ ಅಂತಲೇ ಇರೋ ಔಷಧವೂ ಮುಖ್ಯವಾಗಿ ಈಜಾಡೋ ಮರಿಗಳನ್ನ ಮಾತ್ರ ಕೊಲ್ಲತ್ತೆ. ಚರ್ಮದೊಳಗೆ ಲಾಗಿನ್ ಆಗಿ ಕೂತಿರೋದು ಹೊರಗೆ ಬರೋವರೆಗೂ ಕಾಯಬೇಕು. ಅದಕ್ಕೇ ಚುಕ್ಕೆ ಮಾಯವಾದ ದಿನವೇ ಔಷಧ ನಿಲ್ಲಿಸಬಾರದು, ಅಳತೆ ನೋಡಿ ಪೂರ್ತಿ ಕೋರ್ಸ್ ಮುಗಿಸಿ.

ಮೀನಿಗೆ ಕಾಯಿಲೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ 'ಏನು ಹಾಕಲಿ?' ಅಲ್ಲ. ಅದರ ಲೋಳೆಗೆ, ಅದರ ಬ್ಯಾಕ್ಟೀರಿಯಾಗೆ ಏನು ತೊಂದರೆ ಆಯ್ತು, ಅದು ಮೊದಲು. ನಿಮ್ಮ ತೊಟ್ಟಿಯ ಅನುಭವ ಕಾಮೆಂಟ್‌ನಲ್ಲಿ ಬರೀರಿ. ಸಿಗೋಣ.